ಮುಚ್ಚಳದಕ್ಕ ಕಾಯ್ದ ಕಾಫಿ ಬೀಜ

ಟಪ್. ಬಾಟಲಿಯ ಬಿರಡೆ ತೆಗೆದಷ್ಟೇ ಸದ್ದು. ಬೀದಿಯೆಲ್ಲ ಮಲಗಿರುವ ಹೊತ್ತಿನಲ್ಲಿ, ಅಡುಗೆಮನೆಯ ಕಡೆಯಿಂದ. ಮುಚ್ಚಳದಕ್ಕ ಕಣ್ಣು ಬಿಡುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ಮಗ್ಗುಲಾಗುತ್ತಾರೆ. ಹೆದರಿಕೆಯೇನಿಲ್ಲ. ಆಗತಾನೇ ಹುರಿದ ಕಾಫಿ ಬೀಜ ಕೆಲವು ದಿನ ಒಳಗಿನ ಗಾಳಿಯನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಡಬ್ಬ ತೀರಾ ಬಿಗಿಯಾಗಿದ್ದರೆ ಮುಚ್ಚಳವನ್ನೇ ತಳ್ಳಿಬಿಡುತ್ತದೆ. "ಮಗು ನಿದ್ದೇಲಿ ಹೊದಿಕೆ ಒದೆಯುತ್ತಲ್ಲ, ಹಾಗೆ. ಮೊದಲ ಎರಡು ಮೂರು ದಿನ ಮುಚ್ಚಳ ಸ್ವಲ್ಪ ಸಡಿಲ ಬಿಡಿ ಅಂತ ಬಡ್ಕೋತೀನಿ. ಕೇಳೋರು ಯಾರು?" ಎನ್ನುತ್ತಾರೆ ಅವರು.

ನಿದ್ದೆ ಹತ್ತುವ ಮುಂಚೆ ಒಂದು ಅನುಮಾನ ಸೊಳ್ಳೆಯ ಹಾಗೆ ಕಿವಿಯ ಸುತ್ತ ಸುಳಿಯುತ್ತದೆ. ಆ ಡಬ್ಬದಲ್ಲಿರುವ ಬೀಜ ಹುರಿದು ಎರಡು ವಾರವೇ ಕಳೆಯಿತು. ಇಷ್ಟು ದಿನವಾದ ಮೇಲೆ ಮುಚ್ಚಳ ತಳ್ಳುವ ತ್ರಾಣ ಅದಕ್ಕೆಲ್ಲಿಂದ ಬಂತು?

ಬೆಳಕು ಹರಿಯುವ ಮೊದಲೇ ಅವರ ಸೈಕಲ್ಲು ಹುರಿಯುವ ಅಂಗಡಿಯ ಹಿಂಬಾಗಿಲಿಗೆ ಒರಗಿರುತ್ತದೆ. ಒಳಗೆ ಯಂತ್ರದ ಉರುಳೆ ಗರಗರ ತಿರುಗುತ್ತಿದೆ. ಬಿಸಿ ಬೀಜ ಜರಡಿಗೆ ಬಿದ್ದರೆ ತಗಡಿನ ಮೇಲೆ ಸಣ್ಣ ಮಳೆ ಸುರಿದ ಸದ್ದು. ಅಕ್ಕ ಅದನ್ನು ಮುಟ್ಟುವುದಿಲ್ಲ. ಮೊನ್ನೆ ಹುರಿದು ತಣಿದಿರುವುದನ್ನು ದಪ್ಪ ಕಾಗದದ ಚೀಲಗಳಿಗೆ ತುಂಬುತ್ತಾರೆ. ಒಂದು ಮನೆಗೆ ಒಂದು ವಾರಕ್ಕೆ ಬೇಕಾದಷ್ಟು, ಅದಕ್ಕಿಂತ ಒಂದು ಹಿಡಿ ಹೆಚ್ಚಿಲ್ಲ. ತುಂಬಿದ ಚೀಲವನ್ನು ಎದೆಗೆ ಒತ್ತಿ ಹಿಡಿದು ಗಾಳಿಯನ್ನೆಲ್ಲ ಹೊರಡಿಸಿ ಬಾಯಿ ಮಡಚುತ್ತಾರೆ. ದೂರದಿಂದ ನೋಡಿದವರಿಗೆ ಅವರು ಒಂದೊಂದು ಚೀಲವನ್ನೂ ಅಪ್ಪಿಕೊಂಡು ಬೀಳ್ಕೊಡುತ್ತಿರುವಂತೆ ಕಾಣುತ್ತದೆ.

ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆ. "ಕಾಫಿ ಕುಡಿಯೋರೆಲ್ಲ ಯಾಕೋ ಮೇಲಿನ ಮಹಡೀಲೇ ಇರ್ತಾರೆ. ನನ್ನ ಮಂಡಿ ಕೇಳಿ, ಅದು ಲೆಕ್ಕ ಹೇಳುತ್ತೆ," ಎಂದು ನಗುತ್ತಾರೆ. ಗಂಡ ರಾತ್ರಿ ಬಸ್ಸಿನ ಚಾಲಕ, ಬೆಳಗ್ಗೆ ಇವರು ಮನೆಗೆ ಮರಳುವ ಹೊತ್ತಿಗೆ ಬಂದು ಮಲಗುತ್ತಾನೆ. ಆತನ ಸಂಬಳ ಹೊಟ್ಟೆಗೆ, ಬಟ್ಟೆಗೆ, ತಾಯಿಯ ಕಣ್ಣಿನ ಔಷಧಿಗೆ. ಮನೆಯ ಬಾಡಿಗೆ ಮಾತ್ರ ಒಂಬತ್ತು ವರ್ಷದಿಂದ ಈ ಸೈಕಲ್ಲಿನ ಮೇಲೆ ನಿಂತಿದೆ.

ಚೀಲ ಕೊಟ್ಟು ಬರುವುದಷ್ಟೇ ಅವರ ಕೆಲಸ. ಆದರೆ ಅಕ್ಕನಿಗೆ ಬಾಗಿಲಿನಲ್ಲೇ ನಿಂತು ರೂಢಿಯಿಲ್ಲ. ಕತ್ತು ಚಾಚಿ ಅಡುಗೆಮನೆಯೊಳಗೆ ಇಣುಕುತ್ತಾರೆ. ಡಬ್ಬ ಎಲ್ಲಿದೆ? ಒಲೆಯ ಮೇಲಿನ ಗೂಡಿನಲ್ಲೇ? ಮುಚ್ಚಳ ಹಾಕಿದೆಯೇ? "ಮುಚ್ಚಳ, ಮುಚ್ಚಳ" ಎಂದು ಹೇಳಿ ಹೇಳಿಯೇ ಅವರಿಗೆ ಈ ಹೆಸರು ಅಂಟಿಕೊಂಡದ್ದು. ಈಗ ಅವರ ನಿಜವಾದ ಹೆಸರನ್ನು ಅಂಗಡಿಯ ಯಜಮಾನರೂ ನೆನಪಿಸಿಕೊಂಡೇ ಹೇಳಬೇಕು.

ದರ್ಜಿಯ ಮನೆಯಲ್ಲಿ ಬೀಜ ಗಾಜಿನ ಭರಣಿಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಥಳಥಳ ಹೊಳೆಯುತ್ತಿದೆ.

"ಚೆಂದ ಕಾಣುತ್ತೆ ಅಂತ ಇಟ್ಟೆ ಅಕ್ಕಾ," ಎನ್ನುತ್ತಾಳೆ ದರ್ಜಿಯ ಹೆಂಡತಿ.

"ಚೆಂದಕ್ಕೆ ಹೂ ಇಡು ತಾಯಿ. ಬಿಸಿಲಲ್ಲಿ ಕೂತ್ರೆ ಇದು ವಾರದೊಳಗೆ ಮುದುಕ ಆಗುತ್ತೆ."

"ನಾನು ಅದೇ ಕಿಟಕಿ ಪಕ್ಕ ಮೂವತ್ತು ವರ್ಷದಿಂದ ಕೂತಿಲ್ವಾ?" ಹೊಲಿಗೆ ಯಂತ್ರದ ಹಿಂದಿನಿಂದ ದರ್ಜಿಯ ದನಿ.

"ಅಕ್ಕ ಹೇಳ್ತಿರೋದೂ ಅದನ್ನೇ," ಎಂದು ಹೆಂಡತಿ ಭರಣಿ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಕೊನೆಯ ಮಹಡಿಯ ತಾತನ ಕತೆಯೇ ಬೇರೆ. ಅವರು ಕಾಫಿ ಬೇಡವೆನ್ನುವ ಹೆಂಡತಿಯ ಕಣ್ಣು ತಪ್ಪಿಸಿ ಬೀಜವನ್ನು ಚಪ್ಪಲಿ ಗೂಡಿನಲ್ಲಿ ಬಚ್ಚಿಡುತ್ತಿದ್ದರು. ಕಾಫಿಯಲ್ಲಿ ಬೂಟು ಪಾಲಿಶಿನ ವಾಸನೆ ಎಂದು ಅಂಗಡಿಗೇ ದೂರು ಕೊಟ್ಟರು. ಅಕ್ಕ ಹೋಗಿ ನೋಡಿ, ನಕ್ಕು, ಹೇಳಿದ್ದು ಇಷ್ಟೇ: "ತಾತಾ, ಬೀಜ ಕಿವಿ ಇದ್ದ ಹಾಗೆ, ಪಕ್ಕದಲ್ಲಿ ಏನಿದ್ರೂ ಕೇಳಿಸ್ಕೊಳ್ಳುತ್ತೆ. ಕಳ್ಳತನ ಮಾಡೋದಾದ್ರೆ ಒಣಗಿದ, ತಂಪಾದ ಜಾಗದಲ್ಲಿ ಮಾಡಿ." ಈಗ ಅದು ಹಳೆಯ ಪುಸ್ತಕಗಳ ಹಿಂದೆ, ತಗಡಿನ ಡಬ್ಬದಲ್ಲಿದೆ. ಅಜ್ಜಿಗೆ ಅದು ಮೊದಲ ದಿನವೇ ಗೊತ್ತಾಗಿದೆ ಎಂಬುದು ತಾತನಿಗಿನ್ನೂ ಗೊತ್ತಿಲ್ಲ.

ಇದನ್ನೆಲ್ಲ ಯಾರೂ ಅಕ್ಕನಿಗೆ ಕಲಿಸಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಂಪಿದ್ದರೆ ಸಾಕೆಂದು, ಬೀಜವನ್ನು ಮನೆಯ ಫ್ರಿಜ್ಜಿನಲ್ಲಿ ಬೆಳ್ಳುಳ್ಳಿಯ ಪಕ್ಕ ಇಟ್ಟಿದ್ದರು. ಅತ್ತೆ ಒಂದು ಗುಟುಕು ಕುಡಿದು, "ಏನೇ ಇದು, ಕಾಫಿನೋ ಕಷಾಯನೋ? ಯಾರಿಗೆ ಜ್ವರ?" ಎಂದು ಕೇಳಿದ್ದರು. ಅಲ್ಲಿಂದ ಶುರುವಾಯಿತು ಕುತೂಹಲ. ಒಲೆಯ ಹತ್ತಿರ ಒಂದು ಹಿಡಿ, ಒಲೆಯಿಂದ ದೂರ ಒಂದು ಹಿಡಿ. ಪುಡಿ ಮಾಡಿ ಇಟ್ಟದ್ದೊಂದು, ಬೀಜವಾಗಿ ಇಟ್ಟದ್ದೊಂದು. ಕುಡಿದು ಹೇಳುವ ಪಾಳಿ ಅತ್ತೆಯದು. "ನನ್ನ ನಾಲಿಗೇನ ಪ್ರಯೋಗಶಾಲೆ ಮಾಡಿದ್ಲು," ಎಂದು ಅತ್ತೆ ಬೀದಿಗೆಲ್ಲ ದೂರುತ್ತಿದ್ದರು. ಆದರೆ ಒಂದು ಲೋಟವನ್ನೂ ಬಿಟ್ಟವರಲ್ಲ.

ಅಕ್ಕನ ದೊಡ್ಡ ಉಪಾಯ ಮೂರು ಡಬ್ಬದ್ದು. ಒಂದರೊಳಗೊಂದು ಕೂರುವ ದೊಡ್ಡದು, ನಡುವಿನದು, ಸಣ್ಣದು. ಬೀಜ ಖರ್ಚಾಗುತ್ತಾ ಬಂದ ಹಾಗೆ ಉಳಿದದ್ದನ್ನು ಸಣ್ಣ ಡಬ್ಬಕ್ಕೆ ಇಳಿಸಬೇಕು. "ಅರ್ಧ ಖಾಲಿ ಡಬ್ಬ ಅಂದ್ರೆ ಅರ್ಧ ಡಬ್ಬ ಗಾಳಿ. ಬೀಜ ಕಮ್ಮಿ ಆದ ಹಾಗೆ ಮನೇನೂ ಚಿಕ್ಕದಾಗಬೇಕು, ಇಲ್ಲಾಂದ್ರೆ ಅದಕ್ಕೆ ಬೇಜಾರಾಗಿ ಸಪ್ಪಗಾಗುತ್ತೆ," ಎನ್ನುತ್ತಾರೆ. ಮನೆಮನೆಗೂ ಇದನ್ನು ಹೇಳಿದರು. ಜನ ಕಲಿತರು. ಡಬ್ಬಗಳು ಒಲೆ ಬಿಟ್ಟು ಇಳಿದವು, ಕಿಟಕಿ ಬಿಟ್ಟು ಒಳಗೆ ಬಂದವು.

ಎಡವಟ್ಟಾದದ್ದೇ ಅಲ್ಲಿ. ಒಂದು ಬೆಳಗ್ಗೆ ಯಜಮಾನರು ಚೀಲ ತುಂಬುತ್ತಿದ್ದ ಅಕ್ಕನ ಬಳಿ ಬಂದು ನಿಂತರು.

"ಜನ ಈಗ ಬೀಜ ಇಟ್ಕೊಳ್ಳೋದು ಕಲ್ತಿದ್ದಾರೆ ಅಲ್ವಾ? ತಿಂಗಳಿಗೊಂದು ಸಲ ದೊಡ್ಡ ಚೀಲ ಕಳಿಸಿದ್ರೆ ಹೇಗೆ? ಪಾರ್ಸಲ್‌ನಲ್ಲಿ ಹೋಗುತ್ತೆ."

"ತಿಂಗಳು ಇರುತ್ತೋ ಇಲ್ವೋ..."

"ಅದನ್ನೇ ನೋಡೋಣ. ನಿಮ್ಮ ಮನೇಲೇ ಒಂದು ದೊಡ್ಡ ಡಬ್ಬ ಇಡಿ. ತಿಂಗಳಾದ ಮೇಲೆ ಹೊಸದರ ಜತೆ ಕುಡಿದು ನೋಡ್ತೀನಿ. ನಿಮಗಿಂತ ಚೆನ್ನಾಗಿ ಇಡೋರು ಯಾರಿದ್ದಾರೆ?"

ಹೊಗಳಿಕೆಯೇ ಹಗ್ಗವಾಗಿ ಕೊರಳಿಗೆ ಬಿದ್ದಂತಾಯಿತು. ಬೀಜ ಚೆನ್ನಾಗಿ ಉಳಿದರೆ ವಾರದ ಸುತ್ತು ನಿಲ್ಲುತ್ತದೆ. ಸೈಕಲ್ಲು ನಿಂತರೆ ಬಾಡಿಗೆ ನಿಲ್ಲುತ್ತದೆ. ಬೀಜ ಕೆಟ್ಟರೆ ಕೆಲಸ ಉಳಿಯುತ್ತದೆ. ಡಬ್ಬ ಹೊತ್ತು ತಂದು ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿಟ್ಟು ಇದನ್ನೆಲ್ಲ ಹೇಳಿದಾಗ ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಬುದ್ಧಿಗಿಷ್ಟು. ಊರಿಗೆಲ್ಲ ಪಾಠ ಹೇಳಿ ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಂಡೆ," ಎಂದಷ್ಟೇ ಹೇಳಿದರು.

ಡಬ್ಬ ಮನೆಗೆ ಬಂದು ಎರಡು ವಾರದ ನಂತರ ಮೊದಲ ಸಲ ಕೇಳಿಸಿದ ಆ ‘ಟಪ್’ ಸದ್ದು ಮಾರನೆಯ ರಾತ್ರಿಯೂ ಕೇಳಿಸುತ್ತದೆ. ಈ ಸಲ ಅಕ್ಕ ಏಳುತ್ತಾರೆ. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದಾರೆ. ಒಂದು ಕೈಯಲ್ಲಿ ಮುಚ್ಚಳ ಮೀಟಿದ ಚಮಚ, ಮಡಿಲಲ್ಲಿ ಡಬ್ಬ, ಪಕ್ಕದಲ್ಲಿ ಮುಚ್ಚಳ. ಬೀಸಣಿಗೆಯಿಂದ ಬೀಜಕ್ಕೆ ಗಾಳಿ ಹಾಕುತ್ತಾ, ಹಠಮಾರಿ ಮೊಮ್ಮಕ್ಕಳನ್ನು ರಮಿಸುವ ದನಿಯಲ್ಲಿ ಪಿಸುಗುಡುತ್ತಿದ್ದಾರೆ: "ಕೆಡ್ರಪ್ಪಾ. ಬೇಗ ಕೆಡಿ. ನಿಮ್ಮ ದಮ್ಮಯ್ಯ."

ಅಕ್ಕ ಬಂದ ಹೆಜ್ಜೆಯಲ್ಲೇ ಹಿಂತಿರುಗಿ ಮಲಗುತ್ತಾರೆ. ನಗು ಬರುತ್ತದೆ, ಅಳುವೂ ಬರುತ್ತದೆ. ಸುಮ್ಮನಿದ್ದುಬಿಟ್ಟರೆ? ತನ್ನ ಕೈಯಿಂದ ತಪ್ಪಾಗಿಲ್ಲ. ಯಜಮಾನರು ಕುಡಿದು ಮುಖ ಕಿವುಚುತ್ತಾರೆ, ಸುತ್ತು ಮುಂದುವರಿಯುತ್ತದೆ. ಯಾರ ಗಂಟು ಹೋಯಿತು? ಹಾಗೆಂದುಕೊಂಡು ಕಣ್ಣು ಮುಚ್ಚುತ್ತಾರೆ. ಆದರೆ ಅಡುಗೆಮನೆಯಿಂದ ಕಾಫಿಯ ಪರಿಮಳ ತೇಲಿ ಬರುತ್ತಿದೆ. ಒಂಬತ್ತು ವರ್ಷ ಮನೆಮನೆಯಲ್ಲೂ ಅವರು ಜನರಿಗೆ ಹೇಳಿದ ಮಾತೊಂದಿದೆ: ಮನೆ ತುಂಬ ಘಮಘಮ ಅಂತಿದ್ರೆ ಖುಷಿಪಡಬೇಡಿ, ಲೋಟಕ್ಕೆ ಬರಬೇಕಾದ್ದು ಗಾಳಿಗೆ ಹೋಗ್ತಿದೆ ಅಂತ ಅರ್ಥ. ಸೋರುವ ನಲ್ಲಿಯ ಸದ್ದು ಕೇಳುತ್ತಾ ಮಲಗಿದವರ ಹಾಗೆ ಅವರು ಹೊರಳಾಡುತ್ತಾರೆ. ಅತ್ತೆ ಕೊನೆಗೆ ಮುಚ್ಚಳ ಹಾಕಿ ಹೋಗಿ ಮಲಗುವವರೆಗೂ ರೆಪ್ಪೆ ಅಂಟುವುದಿಲ್ಲ.

"ಒಳ್ಳೇತನ ಅಂತೆಲ್ಲ ಅಂದ್ಕೋಬೇಡಿ. ತೆರೆದ ಡಬ್ಬ ಇದ್ದ ಮನೇಲಿ ನನಗೆ ನಿದ್ದೆ ಬರಲ್ಲ, ಅಷ್ಟೇ," ಎನ್ನುತ್ತಾರೆ ಅಕ್ಕ.

ಮರುದಿನ ಅತ್ತೆ ಬಾವಿಕಟ್ಟೆಯ ಬಳಿ ಬಟ್ಟೆ ಒಗೆಯಲು ಹೋದಾಗ ಅಕ್ಕ ಕಪಾಟಿನ ಮುಂದೆ ಕೂರುತ್ತಾರೆ. ಪರೀಕ್ಷೆಯ ಬೀಜವನ್ನು ಸಣ್ಣ ಸಣ್ಣ ಡಬ್ಬಗಳಿಗೆ ಕತ್ತಿನವರೆಗೂ ತುಂಬಿ, ಅಲುಗಾಡಿಸಿ, ಮತ್ತೆ ತುಂಬಿ, ಬಿಗಿಯಾಗಿ ಮುಚ್ಚಿ, ಗಂಡನ ಸಮವಸ್ತ್ರದ ಟ್ರಂಕಿನ ತಳದಲ್ಲಿಡುತ್ತಾರೆ. ಕತ್ತಲು, ತಂಪು, ಒಣ ಜಾಗ. ಖಾಲಿಯಾದ ದೊಡ್ಡ ಡಬ್ಬಕ್ಕೆ ಮನೆ ಖರ್ಚಿನ ಹಳೆಯ ಬೀಜ ಸುರಿದು ಮೊದಲಿದ್ದಲ್ಲೇ ಇಡುತ್ತಾರೆ.

ಅಲ್ಲಿಂದ ಮುಂದೆ ಮನೆಯಲ್ಲಿ ಎಲ್ಲವೂ ಸುಸೂತ್ರ. ಅತ್ತೆ ರಾತ್ರಿ ಶ್ರದ್ಧೆಯಿಂದ ಬೀಸಣಿಗೆ ಬೀಸುತ್ತಾರೆ. ಸೊಸೆ ಗಾಢ ನಿದ್ದೆ ಮಾಡುತ್ತಾರೆ. ಹಗಲಲ್ಲಿ ಅತ್ತೆಗೆ ತೂಕಡಿಕೆ. "ಯಾಕತ್ತೆ, ರಾತ್ರಿ ನಿದ್ದೆ ಬರಲಿಲ್ವಾ?" ಎಂದರೆ, "ವಯಸ್ಸಾಯ್ತಲ್ಲೇ," ಎಂದು ಕಣ್ಣು ತಪ್ಪಿಸುತ್ತಾರೆ.

ತಿಂಗಳು ತುಂಬಿದ ಬೆಳಗ್ಗೆ ಟ್ರಂಕಿನ ಬೀಜ ದೊಡ್ಡ ಡಬ್ಬಕ್ಕೆ ಮರಳಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಕಾಫಿ ಮಾಡುವವರು ಯಜಮಾನರ ಹೆಂಡತಿ. ಯಾವ ಲೋಟದಲ್ಲಿ ಯಾವುದಿದೆ ಎಂದು ಅವರೊಬ್ಬರಿಗೇ ಗೊತ್ತು. ಯಜಮಾನರು ಎಡಗಡೆಯದನ್ನು ಗುಟುಕರಿಸುತ್ತಾರೆ, ಬಲಗಡೆಯದನ್ನು ಗುಟುಕರಿಸುತ್ತಾರೆ, ಮತ್ತೆ ಎಡಕ್ಕೆ ಬರುತ್ತಾರೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಾರೆ.

"ಇದು ಹೊಸದು," ಎಂದು ಎಡಗಡೆಯ ಲೋಟ ಎತ್ತುತ್ತಾರೆ ಯಜಮಾನರು.

"ಅದು ಅಕ್ಕನ ಮನೇದು," ಎನ್ನುತ್ತಾರೆ ಹೆಂಡತಿ. "ಇಷ್ಟು ವರ್ಷ ಹುರಿದು ಏನು ಬಂತು ನಿಮಗೆ!"

ಅಂಗಡಿಯಲ್ಲಿ ನಗುವೋ ನಗು. ಆದರೆ ಬೀಜ ಕೆಟ್ಟಿಲ್ಲ. ಅದರ ಅರ್ಥ ಮೂವರಿಗೂ ಗೊತ್ತು. ಮುಂದಿನ ತಿಂಗಳಿಂದ ಬೇಕೆಂದವರಿಗೆ ದೊಡ್ಡ ಚೀಲ. ಅರ್ಧದಷ್ಟು ಮನೆಗಳಾದರೂ ಹೋಗುತ್ತವೆ. ಉಳಿದ ಮನೆಗಳ ಸುತ್ತು ಅಕ್ಕನದೇ, ಬೇಕಿದ್ದರೆ ಮಧ್ಯಾಹ್ನ ಚೀಲ ತುಂಬುವ ಕೆಲಸವೂ ಇದೆ ಎನ್ನುತ್ತಾರೆ ಯಜಮಾನರು, ಲೋಟದೊಳಗೆ ನೋಡುತ್ತಾ. ಅದರಿಂದ ಬಾಡಿಗೆ ಪೂರ್ತಿ ಹುಟ್ಟುವುದಿಲ್ಲ.

"ಬೇಜಾರಾಯ್ತಾ?"

"ಬೇಜಾರಿದೆ," ಎನ್ನುತ್ತಾರೆ ಅಕ್ಕ. ಎಡಗಡೆಯ ಲೋಟದಲ್ಲಿ ಉಳಿದದ್ದನ್ನು ಕೇಳಿ ತೆಗೆದುಕೊಂಡು, ನಿಂತಲ್ಲೇ ಕುಡಿಯುತ್ತಾರೆ. "ಆದ್ರೆ ಕಾಫಿ ಚೆನ್ನಾಗಿದೆ."

ಮನೆಯಲ್ಲಿ ಅತ್ತೆ ಹೊಸ್ತಿಲಿನಲ್ಲೇ ಕಾಯುತ್ತಿದ್ದಾರೆ. ಒಳಗೆ ಗಂಡ ಬಸ್ಸಿನ ಕೆಲಸ ಮುಗಿಸಿ ಬಂದು ಅಂಗಿಯ ಗುಂಡಿ ಬಿಚ್ಚುತ್ತಿದ್ದಾನೆ.

"ಏನಂದ್ರು?"

"ಹೊಸದೇ ಅಂದ್ಕೊಂಡ್ರು ಅತ್ತೆ. ಒಂಚೂರೂ ಕೆಟ್ಟಿಲ್ಲ."

"ಅದು ಹೇಗೆ ಸಾಧ್ಯ!" ಎಂದುಬಿಟ್ಟ ಅತ್ತೆ ತಕ್ಷಣ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮುಖ ಕೆಂಪಾಗುತ್ತದೆ. ಆಮೇಲೆ ಗೋಡೆಗೆ ಒರಗಿ ಕೂತು ಸೋತ ದನಿಯಲ್ಲಿ, "ಎಂಥ ಗಟ್ಟಿ ಬೀಜಾನೇ ಅದು... ನಿನ್ನ ಸೈಕಲ್ ನಿಂತು ಹೋಗುತ್ತಲ್ಲೇ," ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಊರ ಮುಂದೆ ಸೊಸೆಯನ್ನು ಒಂದು ದಿನವೂ ಹೊಗಳದ ಬಾಯಿ ಅದು.

"ಯಾಕಮ್ಮ ಅಳ್ತಿದ್ದೀಯಾ?" ಗಂಡ ಅರ್ಧ ಬಿಚ್ಚಿದ ಅಂಗಿಯಲ್ಲೇ ಹೊರಗೆ ಬರುತ್ತಾನೆ. ತಾಯಿಯನ್ನು ನೋಡುತ್ತಾನೆ, ಹೆಂಡತಿಯನ್ನು ನೋಡುತ್ತಾನೆ. "ಏನ್ರೇ ನಡೀತು ಮನೇಲಿ?"

ಅತ್ತೆ ಸೊಸೆಯ ಮುಖ ನೋಡುತ್ತಾರೆ. ಎಷ್ಟು ಗೊತ್ತು ಇವಳಿಗೆ ಎಂಬ ಭಯ ಆ ಕಣ್ಣಿನಲ್ಲಿದೆ. ಅಕ್ಕ ಚಪ್ಪಲಿ ಬಿಚ್ಚಿ ಬದಿಗಿಡುತ್ತಾರೆ. ಗಂಡನಿಗಾಗಲಿ, ಯಜಮಾನರಿಗಾಗಲಿ, ಸ್ವತಃ ಅತ್ತೆಗೇ ಆಗಲಿ ರಾತ್ರಿಯ ಬೀಸಣಿಗೆಯ ಮಾತು ತನ್ನ ಬಾಯಿಂದ ಹೊರಡುವುದಿಲ್ಲ ಎಂದು ಆ ಗಳಿಗೆಯಲ್ಲೇ ತೀರ್ಮಾನವಾಗುತ್ತದೆ.

"ಏನೂ ನಡೀಲಿಲ್ಲ," ಎನ್ನುತ್ತಾರೆ ಅತ್ತೆಯ ಪಕ್ಕ ಕೂರುತ್ತಾ. "ತಿಂಗಳೆಲ್ಲ ಅತ್ತೆ ನಿದ್ದೆಗೆಟ್ಟು ಆ ಬೀಜ ನೋಡ್ಕೊಂಡ್ರು. ಸುಸ್ತಾಗಿದ್ದಾರೆ."