ಹಾಕದೆ ಬಿಟ್ಟ ಕೆಂಪು ಸಾಲು

ಲಲಿತಕ್ಕ, ಅತ್ತೆಯ ಮಿಡಿ ಉಪ್ಪಿನಕಾಯಿ ಕೆಟ್ಟ ವರ್ಷ ಮುಟ್ಟಾಗಿಯೂ ಅಡುಗೆಮನೆಯಲ್ಲಿ ಓಡಾಡಿದವಳು ನಾನು. ಅಪವಾದ ಹೊತ್ತವರು ನೀವು. ನಾನು ಬಾಯಿ ಬಿಡಲಿಲ್ಲ — ಅಷ್ಟೇ ಆಗಿದ್ದರೆ ಹೇಡಿತನ ಅನ್ನಬಹುದಿತ್ತು. ನಾನು ಸೂಜಿ ಹಿಡಿದು ಕೂತು ಒಂದು ಸುಳ್ಳನ್ನು ಹೊಲಿದೆ. ಆ ಸುಳ್ಳಿನಿಂದ ನಿಮ್ಮ ಹೆಸರು ಹೋಯಿತು, ಬೀದಿಯಲ್ಲಿ ನನಗೆ ಹೆಸರು ಬಂತು. ಹದಿನಾಲ್ಕು ವರ್ಷ ಆ ಹೆಸರನ್ನು ಉಂಡುಕೊಂಡು ಬಂದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾಡಿ ಮುಟ್ಟಿದ್ದಕ್ಕೆ ನಾನು ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ. ದೇವರ ಹತ್ತಿರವೂ ಇಲ್ಲ. ನಾನು ಮುಟ್ಟಿದ ಜಾಡಿ ಎರಡು ವರ್ಷ ಕೆಡಲಿಲ್ಲ; ಕೊನೆಯ ಮಿಡಿಯನ್ನು ಕಚ್ಚಿದಾಗಲೂ ಕಟುಂ ಅಂದಿತ್ತು. ಮುಟ್ಟಿನ ಕೈ ಉಪ್ಪಿನಕಾಯಿ ಕೆಡಿಸುತ್ತದೆ ಎಂದು ಇನ್ನೂ ಹೇಳುವವರಿದ್ದರೆ ಅವರ ಅಡುಗೆಮನೆಗೇ ಹೋಗಿ ವಾದ ಮಾಡುತ್ತೇನೆ. ನಾನು ತಪ್ಪು ಮಾಡಿದ್ದು ಬೇರೆ ಕಡೆ.

ನಿಮಗೆ ಎಲ್ಲ ನೆನಪಿರುತ್ತದೆ. ಆದರೂ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಹೇಳಬೇಕಾದವಳು ನಾನು.

ಹೊಳೆನರಸೀಪುರದ ಈ ಮನೆಗೆ ನಾನು ಕಿರಿಯ ಸೊಸೆಯಾಗಿ ಬಂದಾಗ ಹಿತ್ತಲ ಶೀಟಿನ ಮಾಡನ್ನು ತೋರಿಸಿ ಅತ್ತೆ ಹೇಳಿದ್ದು ಎರಡೇ ಮಾತು: "ಹೊರಗಾದಾಗ ಮೂರು ದಿನ ಇಲ್ಲಿ. ಸುಮ್ಮನೆ ಕೂರಬೇಡ, ಬೊಂತೆ ಹೊಲಿ." ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಮಾಡಿದ ಆ ಬೊಂತೆ ಹೊರಗಾದವರಿಗೆ ಹಾಸಿಗೆಯೂ ಹೌದು, ಕೆಲಸವೂ ಹೌದು. ಒಬ್ಬೊಬ್ಬರು ತಿಂಗಳಿಗೆ ಒಂದು ಸಾಲು. ನನಗೆ ಸಣ್ಣ ಹೊಲಿಗೆ ಹಿಡಿಯಲು ಕಲಿಸಿದವರು ನೀವೇ — "ಅಕ್ಕಿಕಾಳಿನಷ್ಟು ಇರಲಿ ನಾಗು, ಭತ್ತದಷ್ಟು ಬೇಡ" ಅಂತ. ಯಾರ ಸಾಲು ಸೊಟ್ಟ ಎಂದು ಜಗಳ ಬರಬಾರದು ಅಂತ ನೀವು ಕೆಂಪು ದಾರ ಇಟ್ಟುಕೊಂಡಿರಿ, ನನಗೆ ಹಸಿರು ಕೊಟ್ಟಿರಿ. ಒಂದು ಕೆಂಪು, ಒಂದು ಹಸಿರು, ಒಂದು ಕೆಂಪು, ಒಂದು ಹಸಿರು. ನಮ್ಮಿಬ್ಬರ ತಿಂಗಳುಗಳೆಲ್ಲ ಅದರ ಮೇಲಿದ್ದವು. ಅತ್ತೆಗೆ ಪಂಚಾಂಗಕ್ಕಿಂತ ಅದರ ಮೇಲೇ ನಂಬಿಕೆ ಜಾಸ್ತಿ.

ಆಗ ಇಡೀ ಬೀದಿಯಲ್ಲಿ ನಿಮ್ಮ ಕೈಗುಣದ ಮಾತು. ಬೇಸಿಗೆ ಬಂದರೆ ಒಬ್ಬರಲ್ಲ ಒಬ್ಬರು ಬಾಗಿಲಲ್ಲಿ ನಿಂತು, "ಲಲಿತಾ ಒಂದು ಗಳಿಗೆ ಬಂದು ಕೈಯಾಡಿಸಿ ಹೋಗಲಿ" ಅನ್ನುತ್ತಿದ್ದರು. ನೀವು ಕಲಸಿದ ಉಪ್ಪಿನಕಾಯಿ, ನೀವು ಹದ ನೋಡಿದ ಸಂಡಿಗೆ ಹಿಟ್ಟು ಕೆಟ್ಟ ಉದಾಹರಣೆ ಇರಲಿಲ್ಲ. ನಿಮಗೆ ಆಗಲೇ ಎರಡು ಸಲ ಬಸಿರು ನಿಂತೂ ಇಳಿದುಹೋಗಿತ್ತು. ಮಗು ಇಲ್ಲದ ಮನೆಯಲ್ಲಿ ನಿಮ್ಮನ್ನು ತಲೆಯೆತ್ತಿ ನಡೆಸುತ್ತಿದ್ದದ್ದು ಆ ಕೈ ಒಂದೇ. ಅದು ನನಗೆ ಗೊತ್ತಿತ್ತು ಅಕ್ಕ. ಗೊತ್ತಿಲ್ಲದೆ ಮಾಡಿದೆ ಅಂತ ನಾನು ಹೇಳಲಾರೆ.

ತೊಂಬತ್ತೈದರ ಬೇಸಿಗೆ. ಅತ್ತೆ ಒಂದು ತಿಂಗಳಿಗೆಂದು ಮಗಳ ಮನೆಗೆ, ಅರಕಲಗೂಡಿಗೆ ಹೊರಟರು. ಹೊರಡುವ ದಿನ ಬೆಳಿಗ್ಗೆ ಒಂದು ಜಾಡಿ ಮಿಡಿಯನ್ನು ಉಪ್ಪಿಗೆ ಹಾಕಿಯೇ ಹೋಗುತ್ತೇನೆ ಅಂತ ಹಟ. ಮಡಿಸೀರೆ ಒಣಗಿರಲಿಲ್ಲ, ಬಸ್ಸಿಗೆ ಹೊತ್ತಾಗುತ್ತಿತ್ತು. ಒದ್ದೆ ಸೀರೆಯನ್ನೇ ಹಿಂಡಿ ಉಟ್ಟುಕೊಂಡು ಜಾಡಿಯ ಮೇಲೆ ಬಾಗಿದರು. ನಾನು ನಡುಮನೆಯ ಹೊಸಿಲಲ್ಲಿ ನಿಂತಿದ್ದೆ. ಅವರ ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕಿತು — ಒಂದು ಹನಿ, ಇನ್ನೊಂದು ಹನಿ, ಜಾಡಿಯ ಬಾಯೊಳಗೆ. ಮಿಡಿಯನ್ನು ತೊಳೆದು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸುವುದು ಯಾಕೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಹೇಳೋಣ ಅಂತ ಬಾಯಿ ತೆರೆದೆ. ಮಡಿಯ ನೀರಿಗೆ ಹೆಸರಿಡುವ ಸೊಸೆ ಎಂದು ಅನ್ನಿಸಿಕೊಳ್ಳುವುದು ಬೇಡ ಅಂತ ಮುಚ್ಚಿಕೊಂಡೆ. ಇದು ನಿಮಗೆ ಗೊತ್ತಿಲ್ಲದ ಮೊದಲನೆಯದು.

ಅವರು ಹೋದ ಒಂದು ವಾರಕ್ಕೆ ನಿಮಗೆ ವಾಂತಿ ಶುರುವಾಯಿತು. ಒಗ್ಗರಣೆ ಚಟಪಟ ಅಂದರೆ ಸಾಕು, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಹಿತ್ತಲಿಗೆ ಓಡುತ್ತಿದ್ದಿರಿ. ಭಾವ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಹಾಸನದಲ್ಲಿದ್ದರು. ನಮ್ಮವರು ಊಟದ ಹೊತ್ತಿಗೆ ಮಾತ್ರ ಮನೆಯಲ್ಲಿ ಕಾಣುವವರು. ನೀವು ಹೇಳಿದ್ದು ನನಗೊಬ್ಬಳಿಗೆ. "ಮೂರು ತಿಂಗಳು ತುಂಬೋವರೆಗೆ ಯಾರಿಗೂ ಬೇಡ ನಾಗು. ಎರಡು ಸಲವೂ ಅತ್ತೆ ಬೀದಿಗೆಲ್ಲ ಹೇಳಿಬಿಟ್ರು, ಆಮೇಲೆ ಬೀದಿಯವರೆಲ್ಲ ಸಮಾಧಾನ ಹೇಳೋಕೆ ಬಂದ್ರು. ಆ ಸಮಾಧಾನ ನನಗೆ ಬೇಡ." ನಾನು ನಿಮ್ಮ ಕೈ ಹಿಡಿದು ಆಣೆ ಮಾಡಿದೆ. ಆ ಆಣೆಯನ್ನು ಉಳಿಸಿಕೊಂಡೆ. ಅದರ ಹಿಂದೆ ಬಚ್ಚಿಟ್ಟುಕೊಂಡೆ ಅಂದರೇ ಸರಿ.

ಅದೇ ವಾರ ಮಲ್ಲಿಪಟ್ಟಣದ ಚೆಲುವಮ್ಮ ತಲೆಯ ಮೇಲೆ ಒಂದು ಬುಟ್ಟಿ ಮಿಡಿ ಹೊತ್ತು ಬಂದು ಜಗುಲಿಯಲ್ಲಿ ಇಳಿಸಿದಳು. "ನಿಮ್ಮತ್ತೆ ಕಳ್ಸವ್ರೆ ಕಣವ್ವ. ಇವತ್ತೇ ಉಪ್ಪಿಗಾಕ್ಬುಡಿ ಅಂತ ಏಳವ್ರೆ. ನಾಳೀಕ್ ಬುಟ್ರೆ ಮೆತ್ತಗಾಯ್ತವೆ." ನನಗೆ ಆ ಬೆಳಿಗ್ಗೆಯೇ ಹೊಟ್ಟೆನೋವು ಬಂದು ಹೊರಗಾಗಿತ್ತು. ನಿಮಗೆ ಒಲೆಯ ಹತ್ತಿರ ನಿಲ್ಲಲಾಗದು. ನಾನು ಹಿತ್ತಲಿಗೆ ಹೋದರೆ ಅಡುಗೆ ಯಾರು, ಮಿಡಿ ಯಾರು? ನೀವು ಗೋಡೆಗೆ ಒರಗಿ ಕೂತು ನನ್ನನ್ನು ನೋಡಿದಿರಿ. ಆಮೇಲೆ ಮೆಲ್ಲಗೆ ಅಂದಿರಿ: "ನೀನು ಒಳಗೇ ಇರು. ನಾನು ನೋಡಿಲ್ಲ, ನೀನು ಹೇಳಿಲ್ಲ."

ನಿಮಗೋಸ್ಕರ ಒಳಗಿದ್ದೆ ಅಂತ ಹೇಳಿಕೊಳ್ಳುವ ಆಸೆ ನನಗೂ ಇದೆ. ನಿಜ ಅಂದರೆ ಆ ಶೀಟಿನ ಕೆಳಗೆ ಏಪ್ರಿಲ್ ಬಿಸಿಲಲ್ಲಿ ಬೇಯುವುದು ನನಗೆ ಸಾಕಾಗಿತ್ತು. ಆ ಮೂರು ದಿನ ಅಡುಗೆ ಮಾಡಿದೆ, ನಡುಮನೆಯಲ್ಲಿ ಮಲಗಿದೆ, ಮಿಡಿ ಒರೆಸಿದೆ, ಕಲ್ಲುಪ್ಪು ಹರವಿ ಜಾಡಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದೆ. ಯಾವ ಭಯವೂ ಆಗಲಿಲ್ಲ. ಸಂತೋಷ ಆಯಿತು.

ಅತ್ತೆ ನಾಳೆ ಬರುತ್ತಾರೆ ಅಂತ ಪಕ್ಕದ ಮನೆಗೆ ಫೋನು ಬಂತು. ಭಯ ಬಂದದ್ದು ಆಗ. ಬೊಂತೆಯ ಮೇಲೆ ನನ್ನ ಸಾಲಿಲ್ಲ. ನೀವು ಮಧ್ಯಾಹ್ನ ನಿದ್ದೆ ಹೋಗಿದ್ದಿರಿ. ಹಿತ್ತಲಿಗೆ ಹೋಗಿ ಸೂಜಿ ದಾರ ಇಡುವ ಬಿಸ್ಕತ್ತಿನ ಡಬ್ಬ ತೆಗೆದೆ. ಮೊದಲು ಕೈಗೆ ಸಿಕ್ಕಿದ್ದು ಕೆಂಪು ರೀಲು. ಎರಡನೆಯದು ಇದು ಅಕ್ಕ, ನಿಮಗೆ ಗೊತ್ತಿಲ್ಲದ್ದು — ನಿಮ್ಮ ದಾರ ನನ್ನ ಕೈಯಲ್ಲಿತ್ತು. ಅದನ್ನು ಸರಿಸಿ ಹಸಿರು ತೆಗೆದೆ. ನಿಮ್ಮ ಸಾಲೂ ಇಲ್ಲ ಅಂತ ಹೊಳೆಯಿತು. ಹೊಳೆದೂ, ಇರಲಿ, ಇವರು ಹೇಗೂ ಬಸುರಿ, ಒಂದಲ್ಲ ಒಂದು ದಿನ ಗೊತ್ತಾಗಿಯೇ ಆಗುತ್ತದೆ, ಅಂದುಕೊಂಡೆ. ಅಂದುಕೊಂಡು — ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ, ನೀವು ಕಲಿಸಿದ ಹಾಗೆಯೇ, ಸಂಜೆಯೊಳಗೆ ಒಂದು ಸಾಲು ಮುಗಿಸಿದೆ. ಅಷ್ಟು ನೆಟ್ಟಗೆ ನಾನು ಹಿಂದೆಂದೂ ಹೊಲಿದಿರಲಿಲ್ಲ.

ಮಾರನೆಯ ದಿನ ಅತ್ತೆ ಜಾಡಿ ಬಿಚ್ಚಿದರು. ಅವರದರಲ್ಲಿ ಮೇಲೆಲ್ಲ ಬಿಳಿ ಬೂಜು, ಮಿಡಿ ಹಿಸುಕಿದರೆ ಹಣ್ಣು. ನನ್ನದರಲ್ಲಿ ಉಪ್ಪುನೀರು ತಿಳಿಯಾಗಿ ನಿಂತಿತ್ತು, ಮಿಡಿ ಸುಕ್ಕುಗಟ್ಟಿ ಗಟ್ಟಿಯಾಗಿತ್ತು. ಅತ್ತೆ ಸೀದಾ ಹಿತ್ತಲಿಗೆ ನಡೆದು, ಕೋಲಿನಲ್ಲಿ ಬೊಂತೆ ಬಿಡಿಸಿ ನೋಡಿದರು.

"ಹಸಿರಿದೆ. ಕೆಂಪೆಲ್ಲಿ?"

ಆಮೇಲೆ ನಿಮ್ಮ ಕಡೆ ತಿರುಗಿದರು.

"ದೊಡ್ಡವಳೇ, ಈ ತಿಂಗಳು ನೀನು ಎಲ್ಲಿ ಕೂತಿದ್ದೆ?"

ನೀವು ನನ್ನ ಕಡೆ ನೋಡಿದಿರಿ. ಒಂದೇ ಸಲ. ಹಸಿರು ಸಾಲು ಸುಳ್ಳೆಂದು ನಿಮಗೆ ಆ ಕ್ಷಣವೇ ತಿಳಿಯಿತು. ನೀವು ನನ್ನ ಹೆಸರು ಹೇಳಬಹುದಿತ್ತು. ಬಸುರಿ ಅಂತಾದರೂ ಹೇಳಬಹುದಿತ್ತು. ಎರಡನ್ನೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಕಂಬದ ಹಾಗೆ ನಿಂತಿದ್ದೆ.

"ಮುಟ್ಟು ಮುಚ್ಚಿಟ್ಟು ಜಾಡಿ ಮುಟ್ಟಿದ್ದೀಯ. ಇನ್ನು ನನ್ನ ಉಗ್ರಾಣಕ್ಕೆ ಕಾಲಿಡಬೇಡ" ಅಂದರು ಅತ್ತೆ. ಆಮೇಲೆ ನನ್ನ ಜಾಡಿಯ ಕಡೆ ತಿರುಗಿ, "ಕೈಗುಣ ಅಂದ್ರೆ ಇದು" ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಬರೆ ಹಾಕುವಾಗ ಕಬ್ಬಿಣ ಕಾಯಿಸಿಕೊಟ್ಟವಳು ನಾನು.

ಆ ವಾರವೇ ನಿಮ್ಮ ಅಣ್ಣ ಬಂದು ನಿಮ್ಮನ್ನು ತವರಿಗೆ, ಕಟ್ಟಾಯಕ್ಕೆ ಕರೆದುಕೊಂಡು ಹೋದರು. ಬಸಿರಿಗೆ ಐದು ತಿಂಗಳು ತುಂಬಿದ ಮೇಲೆ ವಾಪಸು ಬಂದಿರಿ. ನಿಮ್ಮ ಹೊಟ್ಟೆ ನೋಡಿ ಅತ್ತೆ ಬೆರಳು ಮಡಿಸಿ ತಿಂಗಳು ಎಣಿಸಿದರು. "ಹಾಗಾದ್ರೆ ಅದು ಯಾರದ್ದೋ ದೃಷ್ಟಿ" ಅಂದು ಎದ್ದುಹೋದರು. ಅಷ್ಟೇ. ಬೀದಿಗೆ ಹೋದ ಮಾತು ವಾಪಸು ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ಬೇಸಿಗೆಯಲ್ಲಿ ಬಾಗಿಲಲ್ಲಿ ನಿಂತವರು ನಿಮ್ಮನ್ನು ಕೇಳಲಿಲ್ಲ. "ನಾಗರತ್ನ ಬಂದು ಕೈಯಾಡಿಸಲಿ" ಅಂದರು. ನೀವು ಸ್ಮಿತಾಳಿಗೆ ಹಾಲು ಕುಡಿಸುತ್ತ ನಡುಮನೆಯಲ್ಲೇ ಕೂತಿದ್ದಿರಿ. ನಾನು ಹೋದೆ. ಪ್ರತಿ ವರ್ಷವೂ ಹೋದೆ. ಹೊರಗಾದಾಗಲೂ ಹೋಗಿದ್ದೇನೆ — ಬೇಕೆಂದೇ, ಸಿಟ್ಟಿನಿಂದ. ಒಂದು ಜಾಡಿಯೂ ಕೆಡಲಿಲ್ಲ. ಅತ್ತೆಯ ಶಾಸ್ತ್ರವನ್ನು ಒಬ್ಬಳೇ ಗೆಲ್ಲುತ್ತಿದ್ದೇನೆ ಎಂದು ಒಳಗೇ ಬೀಗುತ್ತಿದ್ದೆ. ಯಾರಿಗೂ ಗೊತ್ತಿಲ್ಲದ ಗೆಲುವು ಯಾತರ ಗೆಲುವು? ಬೀದಿಯ ಲೆಕ್ಕದಲ್ಲಿ ನಾನು ಮಡಿವಂತ ಸೊಸೆ, ನೀವು ಮುಟ್ಟು ಮುಚ್ಚಿಟ್ಟವರು. ಹಾಗೆಯೇ ಉಳಿಯಿತು.

ಸ್ಮಿತಾ ಇನ್ನೂ ಹಾಲು ಕುಡಿಯುತ್ತಿದ್ದಾಗಲೇ, ನೀವು ಮತ್ತೆ ಹೊರಗಾಗುವ ಮೊದಲೇ, ಭಾವನಿಗೆ ವರ್ಗವಾಗಿ ನೀವು ಚನ್ನರಾಯಪಟ್ಟಣಕ್ಕೆ ಹೋದಿರಿ. ಕಳೆದ ತಿಂಗಳು ಸ್ಮಿತಾ ದೊಡ್ಡವಳಾದಳು ಅಂತ ಸುದ್ದಿ ಬಂತು. ಅತ್ತೆಗೆ ಈಗ ಕಣ್ಣು ಮಂಜು, ನಾಲಿಗೆ ಮಾತ್ರ ಹಾಗೇ ಇದೆ. ಅಟ್ಟದಿಂದ ಆ ಬೊಂತೆ ಇಳಿಸಿ ಒಗೆಸಿ, "ಮೊಮ್ಮಗಳು ಕೂರೋಕೆ" ಅಂತ ನನ್ನ ಕೈಯಲ್ಲಿ ಕಳಿಸಿದರು. ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನೀವು ತಂದಿಟ್ಟದ್ದು ಅಂಗಡಿಯ ಉಪ್ಪಿನಕಾಯಿ. ಗಾಜಿನ ಬಾಟಲು, ಮೇಲೆ ಚೀಟಿ. ನಾನು ಅನ್ನ ಬಿಟ್ಟು ಆ ಚೀಟಿಯನ್ನೇ ಓದುತ್ತ ಕೂತೆ. ನೀವು ನೋಡಿದಿರಿ. ಮಜ್ಜಿಗೆ ಬಡಿಸಿದಿರಿ.

ಸ್ಮಿತಾಳನ್ನು ನೀವು ಹಿತ್ತಲಲ್ಲಿ ಕೂರಿಸಿರಲಿಲ್ಲ. ಅವಳು ಬೊಂತೆಯನ್ನು ನಿಮ್ಮ ಮಂಚದ ಮೇಲೇ ಹರವಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಚಿಕ್ಕಮ್ಮ, ಮೊದಲೆಲ್ಲ ಒಂದು ಕೆಂಪು ಒಂದು ಹಸಿರು ಇದೆ. ಇಲ್ಲಿಂದ ಬರೀ ಹಸಿರು. ಕೆಂಪು ಯಾಕಿಲ್ಲ?"

ನೀವು ಬಟ್ಟೆ ಮಡಿಸುತ್ತಿದ್ದವರು ತಲೆಯೆತ್ತದೆ ಹೇಳಿದಿರಿ: "ಅಲ್ಲಿ ನೀನಿದ್ದೀಯ ಕಣೇ."

ಅವಳು ನಕ್ಕಳು. ಆಗಲಾದರೂ ನಾನು ಹೇಳಬೇಕಿತ್ತು. ಹೇಳದೆ ಬಸ್ಸು ಹತ್ತಿದೆ.

ಇಷ್ಟು ವರ್ಷ ನಾನು ಅಂದುಕೊಳ್ಳುತ್ತಿದ್ದೆ, ಅವತ್ತು ಒಂದು ಕೆಂಪು ಸಾಲನ್ನೂ ಹಾಕಿಬಿಟ್ಟಿದ್ದರೆ ಸಾಕಿತ್ತು, ನೀವು ಬಚಾವಾಗುತ್ತಿದ್ದಿರಿ, ಅಂತ. ನಿಮ್ಮ ಮಾತು ಕೇಳಿದ ಮೇಲೆ ಗೊತ್ತಾಯಿತು — ಅದೂ ಸುಳ್ಳೇ ಆಗುತ್ತಿತ್ತು. ನಿಮ್ಮ ಬಸಿರಿನ ಮೇಲೆ ಹೊಲಿದ ಸುಳ್ಳು. ನಾನು ಮಾಡಬೇಕಿದ್ದದ್ದು ಒಂದೇ: ಹಸಿರು ಹಾಕದೆ ಇರುವುದು. ಅತ್ತೆಯ ಎದುರು ನಿಂತು, ನನ್ನ ಸಾಲಿಲ್ಲ, ನಾನು ಕೂರಲಿಲ್ಲ, ಅತ್ತೆ, ನಿಮ್ಮ ಜಾಡಿ ಕೆಟ್ಟದ್ದು ನಿಮ್ಮ ಒದ್ದೆ ಮಡಿಯಿಂದ, ಅನ್ನುವುದು. ಇಪ್ಪತ್ತಮೂರು ವರ್ಷದವಳಿಗೆ ಆ ಧೈರ್ಯ ಇರಲಿಲ್ಲ ಅನ್ನಬಹುದು. ಅನ್ನುವುದಿಲ್ಲ. ಮುಟ್ಟಾಗಿ ಒಲೆಯ ಮುಂದೆ ನಿಲ್ಲುವ ಧೈರ್ಯ ಅವಳಿಗಿತ್ತು.

ಈ ಸೋಮವಾರ ಮೂಲೆಮನೆಯವರು ಮಿಡಿಗೆ ಮಸಾಲೆ ಕಲಸಲು ಕರೆದಿದ್ದಾರೆ. ಬೀದಿಯ ಹೆಂಗಸರೆಲ್ಲ ಇರುತ್ತಾರೆ. ಲೆಕ್ಕದ ಪ್ರಕಾರ ಅದು ನನ್ನ ಮೂರು ದಿನದೊಳಗೇ ಬರುತ್ತದೆ. ಅತ್ತೆಯನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ಇವತ್ತು ನಾನು ಹೊರಗಾಗಿದ್ದೇನೆ, ತೊಂಬತ್ತೈದರಲ್ಲೂ ಆಗಿದ್ದೆ, ಲಲಿತಕ್ಕ ಆಗಿರಲಿಲ್ಲ, ಅಂತ ಅವರೆಲ್ಲರ ಎದುರು ಹೇಳುತ್ತೇನೆ. ಆಮೇಲೆ ಕಲಸು ಅಂದರೆ ಕಲಸುತ್ತೇನೆ, ಹೋಗು ಅಂದರೆ ಎದ್ದು ಮನೆಗೆ ಬರುತ್ತೇನೆ. ನೀವು ನನ್ನನ್ನು ಕ್ಷಮಿಸಬೇಕು ಅಂತ ಇದನ್ನು ಬರೆಯಲಿಲ್ಲ. ಕ್ಷಮಿಸದಿದ್ದರೆ ಅದೂ ನ್ಯಾಯವೇ.

ಒಂದು ಕೆಲಸ ಮಾತ್ರ ನಿಮ್ಮಿಂದ ಆಗಬೇಕು ಅಕ್ಕ. ಬೊಂತೆ ಅಲ್ಲೇ ಇದೆ. ಕೆಂಪು ತಪ್ಪಿ ಎರಡು ಹಸಿರು ಮೊದಲ ಸಲ ಜೊತೆಗೆ ಬಂದಲ್ಲಿ ಎರಡನೆಯ ಸಾಲು, ಎಲ್ಲಕ್ಕಿಂತ ನೆಟ್ಟಗಿರುವುದು — ಅದನ್ನು ಸ್ಮಿತಾಳ ಕೈಯಲ್ಲಿ ಬಿಚ್ಚಿಸಿ. ಯಾಕೆ ಅಂತ ಕೇಳಿದರೆ ಈ ಕಾಗದ ಓದಲು ಕೊಡಿ. ಬಿಚ್ಚಿದ ಜಾಗದಲ್ಲಿ ಕೆಂಪು ಹಾಕಬೇಡಿ. ಅಲ್ಲಿ ಅವಳಿದ್ದಾಳೆ.