ಟ್ಯಾಂಕಿಗೆ ಕಟ್ಟಿದ ಕೊಟ್ಟೆ

ಮೊನ್ನೆ ಜಯಪುರದ ಬಂಕಿನಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬರು ಹಳೇ ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದರು. ಸುಯ್ ಎಂದು ಸದ್ದು ಬಂತು, ಬಹಳ ಹೊತ್ತು ಉಸಿರು ಕಟ್ಟಿಕೊಂಡವರು ಒಮ್ಮೆಗೇ ಗಾಳಿ ಎಳೆದುಕೊಂಡ ಹಾಗೆ. ಅವರಿಗೆ ಅದು ಕೇಳಿಸಲೇ ಇಲ್ಲ. ನಾನು ಮಾತ್ರ ನಿಂತಲ್ಲೇ ನಕ್ಕೆ. ಹಿಂದಿನ ಜೀಪಿನವರು ಹಾರ್ನ್ ಹೊಡೆದರು. ಇದರಲ್ಲಿ ನಗುವಂಥದ್ದೇನಿದೆ ಎಂದು ನಿಮಗೂ ಅನ್ನಿಸಿರಬಹುದು. ಹೇಳುತ್ತೇನೆ, ಸ್ವಲ್ಪ ಪುರಸೊತ್ತು ಮಾಡಿಕೊಳ್ಳಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಮತ್ತು ಅನ್ವರ್ ಸೇರಿ ಕೊಪ್ಪದಲ್ಲಿ ಒಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದೆವು. ರೀಲು ಹಾಕುವ ಕ್ಯಾಮೆರಾ, ಒಂದು ಫ್ಲ್ಯಾಶು, ಇಬ್ಬರಿಗೂ ಸೇರಿ ಒಂದು ಕೆಂಪು ಬೈಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಮದುವೆಗಳಿಗೆ ಆ ಬೈಕಿನಲ್ಲೇ ಓಡಾಟ. ಚೆನ್ನಾಗಿ ಓಡಿಸುತ್ತೇನೆ ಎಂಬ ನಂಬಿಕೆಯಿಂದ ನಾನು ಓಡಿಸುತ್ತಿದ್ದೆ. ಅನ್ವರ್ ಹಿಂದೆ ಕೂತು ಕ್ಯಾಮೆರಾ ಬ್ಯಾಗನ್ನು ಹಾಲು ಕುಡಿಯುವ ಮಗುವಿನ ಹಾಗೆ ಎದೆಗವಚಿಕೊಳ್ಳುತ್ತಿದ್ದ. ಮಳೆ ಬಂದರೆ ಕೊಡೆ ಬ್ಯಾಗಿಗೆ, ನನಗಲ್ಲ.

ಈ ಬೈಕಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಹೊರಟಾಗ ಭೇಷಾಗಿ ಹೋಗುತ್ತಿತ್ತು. ಆರೇಳು ಮೈಲಿ ಕಳೆದ ಮೇಲೆ ಬಿಕ್ಕಳಿಸಲು ಶುರು. ಎಕ್ಸಿಲರೇಟರ್ ತಿರುವಿದಷ್ಟೂ ಎಳೆತ ಕಡಿಮೆ. ಕೊನೆಗೆ ಯಾವುದಾದರೂ ಏರಿನಲ್ಲಿ ಬುಸ್ ಎಂದು ನಿಂತೇಬಿಡುತ್ತಿತ್ತು. ಇಳಿದು, ಪೆಟ್ರೋಲ್ ಇದೆಯಾ ಎಂದು ಮುಚ್ಚಳ ತೆಗೆದು ಇಣುಕಿ, ಇದೆ ಎಂದು ಸಮಾಧಾನಪಟ್ಟು, ಮುಚ್ಚಿ, ಕಿಕ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್! ಮತ್ತೆ ಆರೇಳು ಮೈಲಿ. ಮತ್ತೆ ಬಿಕ್ಕಳಿಕೆ. ಮಜಾ ಏನೆಂದರೆ ಬೇಸಿಗೆಯಲ್ಲಿ ಈ ಕಾಯಿಲೆ ಇಲ್ಲವೇ ಇಲ್ಲ. ಬರುವುದೆಲ್ಲ ಮಳೆಯಲ್ಲೇ.

ನಮ್ಮೂರಿನಲ್ಲಿ ನಿಂತ ಬೈಕಿನ ಸುತ್ತ ಡಾಕ್ಟರುಗಳಿಗೆ ಕೊರತೆ ಇಲ್ಲ. ಪ್ಲಗ್ ಹೋಗಿದೆ ಎಂದರು, ಬದಲಾಯಿಸಿದೆವು. ಕಾರ್ಬುರೇಟರ್ ಕಟ್ಟಿದೆ ಎಂದರು, ಬಿಚ್ಚಿಸಿ ತೊಳೆಸಿದೆವು. ಪೈಪು, ಫಿಲ್ಟರು, ಕಾಯಿಲು ಎಲ್ಲ ಹೊಸತಾಯಿತು. ಬೈಕಿಗಿಂತ ಅದರೊಳಗಿನ ಸಾಮಾನೇ ಚಿಕ್ಕ ವಯಸ್ಸಿನದಾಯಿತು. ಮಳೆನೀರು ಎಲ್ಲೋ ಒಳಗೆ ಹೋಗುತ್ತಿದೆ ಎಂಬುದರಲ್ಲಿ ಮಾತ್ರ ಎಲ್ಲರದ್ದೂ ಒಮ್ಮತ. ಅದಕ್ಕೂ ನಮ್ಮ ಹತ್ತಿರ ಮದ್ದಿತ್ತು. ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿಗೆ ಒಂದಿಷ್ಟು ನೀರು ಹೋಗಿದ್ದಾಗ ಅಡ್ಡಗದ್ದೆಯ ಗಿರಾಕಿಯೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಅಡಿಕೆ ಗೊನೆಗೆ ಮಳೆಯಲ್ಲಿ ಕೊಳೆರೋಗ ಬಾರದಂತೆ ಕೊಟ್ಟೆ ಎಂಬ ಪ್ಲಾಸ್ಟಿಕ್ ಹೊದಿಕೆ ಕಟ್ಟುತ್ತಾರಲ್ಲ, ಅದರಲ್ಲೇ ಒಂದು ತುಂಡು ತಂದು ಮುಚ್ಚಳದ ಮೇಲೆ ಹೊದೆಸಿ, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು, “ಇನ್ನು ಇದಕ್ಕೆ ಕೊಳೆರೋಗ ಬರೂದಿಲ್ಲ ಮಾರಾಯ್ರೆ” ಎಂದಿದ್ದರು. ನಾವೂ ಮಳೆ ಶುರುವಾದ ಕೂಡಲೇ ಭಕ್ತಿಯಿಂದ ಕೊಟ್ಟೆ ಕಟ್ಟುತ್ತಿದ್ದೆವು. ಬೈಕು ನಿಂತಷ್ಟೂ ಬಿಗಿಯಾಗಿ ಕಟ್ಟುತ್ತಿದ್ದೆವು.

ಅದೇ ಸಮಯಕ್ಕೆ ಶೆಟ್ಟಿಕೊಪ್ಪದ ಒಂದು ಮದುವೆ ಒಪ್ಪಿಕೊಂಡೆವು. ಆಷಾಢಕ್ಕೆ ಮುಂಚಿನ ಕೊನೇ ಮುಹೂರ್ತಗಳಲ್ಲೊಂದು. ಮಾತಾಡಲು ಹೋದಾಗ ವ್ಯವಹಾರವೆಲ್ಲ ಹುಡುಗಿಯ ಸೋದರಮಾವನದ್ದೇ. ನಾವು ಹೊರಡುವಾಗ ಹುಡುಗಿಯ ತಾಯಿ ಸಾವಿತ್ರಮ್ಮ ಹಿತ್ತಿಲ ಬಾಗಿಲಿನಿಂದ ಸುತ್ತಿ ಬಂದು ಬೈಕಿನ ಹತ್ತಿರ ನಿಂತರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

“ನೀವು ತಾಳಿ ಕಟ್ಟೂ ಫೋಟೋ ಒಂದು ತಪ್ಪಿಸಬೇಡಿ. ಉಳಿದದ್ದು ಹೇಗಾದ್ರೂ ಇರ್ಲಿ.”

“ಅದೆಲ್ಲಾದ್ರೂ ತಪ್ತದಾ ಅಮ್ಮಾ?” ಎಂದೆ ನಾನು.

“ಹಾಗಲ್ಲ. ಧಾರೆ ಎರೆಯೂದು ಅಣ್ಣ ಅತ್ತಿಗೆ. ನಾನು ಆ ಹೊತ್ತಿಗೆ ಮಂಟಪದ ಹತ್ರ ಬರೂ ಹಾಗಿಲ್ಲ. ಅಡುಗೆಮನೆಲಿ ಇರ್ತೇನೆ. ನಾನು ನೋಡೂದು ನಿಮ್ಮ ಫೋಟೋದಲ್ಲೇ.”

ಅವರ ಧ್ವನಿಯಲ್ಲಿ ದೂರಿರಲಿಲ್ಲ. ಸಕ್ಕರೆ ಎಷ್ಟು ಬೇಕು ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದರು. ದಾರಿಯಲ್ಲಿ ಅನ್ವರ್, “ಹೆತ್ತವಳು ಒಳಗೆ, ಫೋಟೋದವರು ಹೊರಗೆ. ಇದೆಂತ ಲೆಕ್ಕ ಮಾರಾಯ?” ಎಂದ.

ಮದುವೆಯ ದಿನ ಬೆಳಿಗ್ಗೆಯೇ ಟ್ಯಾಂಕ್ ಫುಲ್ ಮಾಡಿಸಿ, ಕೊಟ್ಟೆಯನ್ನು ಎರಡು ಪದರ ಮಾಡಿ, ರಬ್ಬರನ್ನು ಹಲ್ಲುಕಚ್ಚಿ ಬಿಗಿದು ಹೊರಟೆವು. ಹುಚ್ಚುಮಳೆ. ಅರ್ಧ ದಾರಿಗೂ ಮುಂಚೆ, ಎಂದಿಗಿಂತ ಬೇಗ, ಬಿಕ್ಕಳಿಕೆ ಬಂತು. ಒಂದು ಏರಿನಲ್ಲಿ ಬೈಕು ನಿಂತಿತು. ಹಿಂದೆ ಮುಂದೆ ಬಸ್ಸಿಲ್ಲ. ಮೊಬೈಲು ಇತ್ತು, ಸಿಗ್ನಲ್ ಇರಲಿಲ್ಲ.

“ಮುಚ್ಚಳ ತೆಗೀಬೇಡ ಮಾರಾಯ. ಫುಲ್ ಇದೆ ಅಂತ ಗೊತ್ತಲ್ಲ. ಈ ಮಳೇಲಿ ನೀರು ಹೋದ್ರೆ ಕಥೆ ಮುಗೀತು” ಎಂದ ಅನ್ವರ್.

ಸರಿಯೆನ್ನಿಸಿತು. ಪ್ಲಗ್ ಬಿಚ್ಚಿ ಒರೆಸಿದೆ, ಕಿಡಿ ಬರುತ್ತಿತ್ತು. ಕಿಕ್ ಹೊಡೆದೆ, ಅನ್ವರ್ ಹೊಡೆದ, ಇಬ್ಬರೂ ದಬ್ಬಿಕೊಂಡು ಓಡಿದೆವು. ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ಪೆಟ್ರೋಲಿನ ಪೈಪು ಕಿತ್ತು ಹಿಡಿದೆ. ಎರಡು ತೊಟ್ಟು ಬಿದ್ದು ನಿಂತಿತು.

“ಅರೆ! ಟ್ಯಾಂಕಿನ ತುಂಬ ಪೆಟ್ರೋಲು, ಪೈಪಿನಲ್ಲಿ ಯಾಕಿಲ್ಲ?” ಎಂದೆ.

ನಿಜ ಹೇಳಬೇಕೆಂದರೆ ಆ ಗಳಿಗೆ ಮದುವೆಯೇ ಮರೆತುಹೋಯಿತು. ಇಬ್ಬರೂ ರಸ್ತೆ ಮಧ್ಯ ಕುಕ್ಕರುಗಾಲಲ್ಲಿ ಕೂತು, ಮಳೆಯಲ್ಲಿ ತೊಯ್ಯುತ್ತ, ಒಂದು ಖಾಲಿ ಪೈಪನ್ನು ಬಾಯಿಬಿಟ್ಟು ನೋಡುತ್ತಿದ್ದೆವು.

“ಮೊನ್ನೆ ನಿಂತಾಗ ಎಂತ ಮಾಡಿದ್ವಿ?” ಅನ್ವರ್ ಕೇಳಿದ.

“ಎಂತದೂ ಮಾಡ್ಲಿಲ್ಲ. ಮುಚ್ಚಳ ತೆಗೆದು ನೋಡಿದ್ವಿ. ಕಿಕ್ ಹೊಡೆದ್ವಿ.”

“ಅದರ ಹಿಂದಿನ ಸಲ?”

“ಅದೇ.”

“ಇವತ್ತು ತೆಗೀಲಿಲ್ಲ.”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ನನಗೆ ಮದುವೆಮನೆಯ ಅಡುಗೆಯವರು ಎಣ್ಣೆ ಡಬ್ಬ ಒಡೆಯುವುದು ನೆನಪಾಯಿತು. ಒಂದೇ ತೂತು ಮಾಡಿದರೆ ಎಣ್ಣೆ ಗುಟುಕರಿಸಿ ನಿಲ್ಲುತ್ತದೆ. ಎದುರು ಮೂಲೆಯಲ್ಲಿ ಗಾಳಿಗೆ ಇನ್ನೊಂದು ತೂತು ಬೇಕು. ಮುಚ್ಚಳದಲ್ಲೂ ಗಾಳಿಗೆ ಒಂದು ಸಣ್ಣ ತೂತಿರುತ್ತದೆ. ಅದನ್ನೇ ನಾವು ಎರಡು ಪದರ ಕೊಟ್ಟೆ ಹಾಕಿ ಮುಚ್ಚಿದ್ದೆವು. ಕಾಯಿಲೆ ಮಳೆಯದಲ್ಲ, ನಮ್ಮ ಮದ್ದಿನದು. ಬೈಕಿಗೆ ನಾವು ಕೊಡುತ್ತಿದ್ದ ಒಂದೇ ಒಂದು ಸರಿಯಾದ ಚಿಕಿತ್ಸೆ, ಸುಮ್ಮನೆ ಇಣುಕಿ ನೋಡುವುದು! ರಬ್ಬರು ಕಿತ್ತು ಮುಚ್ಚಳ ತಿರುಗಿಸಿದೆ. ಸುಯ್ ಎಂದಿತು. ಪೈಪಿನಿಂದ ಪೆಟ್ರೋಲು ನನ್ನ ಚಪ್ಪಲಿಯ ಮೇಲೆ ಸುರಿಯಿತು. ಇಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಶೆಟ್ಟಿಕೊಪ್ಪ ಮುಟ್ಟುವಾಗ ಗಟ್ಟಿಮೇಳ ಕೇಳುತ್ತಿತ್ತು. ಚಪ್ಪರದ ಬಾಗಿಲಿಗೆ ಬರುವಷ್ಟರಲ್ಲಿ ನಿಂತಿತು. ತಾಳಿ ಕಟ್ಟಿ ಆಗಿತ್ತು. ಖುಷಿಯೆಲ್ಲ ಜರ್ರನೆ ಇಳಿದುಹೋಯಿತು. ಸೋದರಮಾವ ನಮ್ಮನ್ನು ನೋಡಿ ಹಲ್ಲುಕಡಿದರು. ನನಗೆ ಬೈಗುಳದ ಹೆದರಿಕೆ ಇರಲಿಲ್ಲ. ಒಳಗೆ ಹೋಗಿ ಸಾವಿತ್ರಮ್ಮನಿಗೆ ಏನೆಂದು ಹೇಳುವುದು?

ಒಳಗೆ ಹೋಗಬೇಕಾಗಲಿಲ್ಲ. ಅವರು ಮಂಟಪದ ಕಂಬ ಹಿಡಿದು, ಮಗಳಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ಕೈಗೆಲ್ಲ ತೆಂಗಿನ ತುರಿ. ಕಣ್ಣು ತುಂಬಿತ್ತು. ಸುತ್ತಲಿನ ಹೆಂಗಸರು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಜಾಗ ಬಿಟ್ಟಿದ್ದರು. ಅಷ್ಟೇ. ಯಾರೂ ಅವರನ್ನು ಒಳಗೆ ಕಳಿಸಿರಲಿಲ್ಲ.

“ತಡ ಆಯ್ತು ಅಮ್ಮಾ” ಎಂದೆ.

“ನೀವು ಬರ್ಲಿಲ್ಲ ಅಂತ ಒಳಗೆ ಗೊತ್ತಾಯ್ತು. ಇನ್ನು ಫೋಟೋ ಇಲ್ಲ ಅಂದ್ರೆ ನಾನು ನೋಡೂದು ಯಾವುದರಲ್ಲಿ? ಅದಕ್ಕೆ ಬಂದೇಬಿಟ್ಟೆ” ಎಂದರು. ಆಮೇಲೆ ಕಣ್ಣೊರೆಸಿಕೊಂಡು, “ಚೆನ್ನಾಗಿ ಕಂಡ್ತು ಮಾರಾಯ್ರೆ” ಎಂದರು.

ಅವರ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಫೋಟೋ ಇಲ್ಲ. ಅದನ್ನು ಅವರು ಒಮ್ಮೆಯೂ ಕೇಳಲಿಲ್ಲ.

ಈಗಲೂ ನಾನು ಮದುವೆಗಳಿಗೆ ಹೋಗುತ್ತೇನೆ, ಹೊತ್ತಿಗೆ ಮುಂಚೆಯೇ. ಮುಹೂರ್ತ ಹತ್ತಿರವಾದಾಗ ಒಮ್ಮೆ ಅಡುಗೆಮನೆಯ ಕಡೆ ಸುತ್ತಿಬರುತ್ತೇನೆ. ಅಪರೂಪಕ್ಕೆ ಯಾರಾದರೂ ಹಾಗೆ ಒಳಗೇ ಉಳಿದಿರುತ್ತಾರೆ. “ನಿಮ್ಮದೊಂದು ಫೋಟೋ ತೆಗೀಬೇಕಿತ್ತು ಅಮ್ಮಾ, ಇಲ್ಲಿ ಬೆಳಕು ಸಾಲೂದಿಲ್ಲ. ಒಂಚೂರು ಮಂಟಪದ ಹತ್ರ ಬನ್ನಿ” ಎಂದು ಸುಳ್ಳು ಹೇಳುತ್ತೇನೆ. ಈಗಿನ ಕ್ಯಾಮೆರಾಗಳು ಕತ್ತಲಲ್ಲೂ ಚೆನ್ನಾಗಿಯೇ ತೆಗೆಯುತ್ತವೆ. ಅದು ಗೊತ್ತಿರುವವರೂ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬರುತ್ತಾರೆ.