ಬೂದೆಪ್ಪನ ಗಿಲಾವು

"ಅವ್ವಾ, ಆ ಮಾಮಾ ಅಷ್ಟು ಹೊಡದ್ರೂ ಬೂದೆಪ್ಪ ಕಾಕಾ ಯಾಕ ತಿರುಗಿ ಹೊಡೀಲಿಲ್ಲ?"

ಅನ್ನ ಕಲಸುತ್ತಿದ್ದ ಗುರುದೇವಿಯ ಕೈ ನಿಂತಿತು. ಐದು ವರ್ಷದ ಕಾವ್ಯಾ ಬಾಲ್ಕನಿಯಿಂದ ಎಲ್ಲವನ್ನೂ ನೋಡಿಬಿಟ್ಟಿದ್ದಳು. ಮಿಯಾಪುರದ ಅವರ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ವಾಚ್‌ಮನ್ ಬೂದೆಪ್ಪನನ್ನು ಅವನ ಹೆಂಡತಿಯ ಅಣ್ಣ ಮಲ್ಲಣ್ಣ ಕಬ್ಬಿಣದ ಸರಳಿನಿಂದ ಬಡಿದಿದ್ದ. ಹುಬ್ಬು ಹರಿದು ರಕ್ತ ಕಣ್ಣಿಗಿಳಿದರೂ ಬೂದೆಪ್ಪ ಕೈಯೆತ್ತಲಿಲ್ಲ. ಜನ ಸೇರಿದ ಮೇಲೆ ಮಲ್ಲಣ್ಣ ಸರಳು ಎಸೆದು ಕೂಗಿದ್ದ: "ಐತಾರ ಅವ್ವನ್ನ ಕರಕೊಂಡ ಬರ್ತೀನಿ. ಸಿಮೆಂಟ ಎಲ್ಲಿ ಮಾರಿದಿ, ಅಕಿ ಮುಂದ ಬೊಗಳು! ಇಲ್ಲಂದ್ರ ಜೀವಂತ ಬಿಡೂದಿಲ್ಲ."

"ಮೊದ್ಲ ಉಣ್ಣು" ಎಂದು ಮಗಳ ಬಾಯಿಗೆ ತುತ್ತಿಟ್ಟ ಗುರುದೇವಿ, ಆಮೇಲೆ ಹತ್ತಿ, ಅರಿಷಿಣ, ಬಿಸಿನೀರು ಹಿಡಿದು ಕೆಳಗಿಳಿದಳು. ಗಾಯ ತೊಳೆಯುವಾಗ ಬೂದೆಪ್ಪ ಬಾಯಿಬಿಟ್ಟ.

ಅವನು ಸುರಪುರದ ಕಡೆಯ ಗೌಂಡಿ, ಗಾರೆ ಕೆಲಸದವನು. ಅವನು ಗೋಡೆಗೆ ಮೆತ್ತಿದ ಗಿಲಾವಿನ ಮೇಲೆ ಇರುವೆ ಸಹ ಜಾರಿ ಬೀಳುತ್ತದೆ ಎಂದು ಜೊತೆಯವರು ನಗುತ್ತಿದ್ದರಂತೆ. ಒಮ್ಮೆ ಆಂಧ್ರದ ಕಡಲ ದಂಡೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಹಳೆಯ ಗೋದಾಮಿನ ರಿಪೇರಿಗೆ ಹೋದ. ಹೆಂಡತಿ ರೇಣುಕಾಳ ತಮ್ಮ ಉಪೇಂದ್ರನೂ ಜೊತೆಗಿದ್ದ. ಸಮುದ್ರದ ಕಡೆಯ ಗೋಡೆ ಪದರುಪದರಾಗಿ ಉದುರುತ್ತಿತ್ತು. ಅವನ ಊರಿನಲ್ಲಿ ಗೋಡೆ ಉದುರಿದರೆ ಗಟ್ಟಿ ಸಿಮೆಂಟು ಮೆತ್ತುವುದೇ ರೂಢಿ. ಇಲ್ಲೂ ಅದನ್ನೇ ಮಾಡಿದ. ಮನಸ್ಸಿಟ್ಟು, ಮೇಸ್ತ್ರಿ ಹೇಳಿದ್ದಕ್ಕಿಂತ ಹೆಚ್ಚೇ ಸಿಮೆಂಟು ಕಲಸಿ ಮಾಡಿದ.

ಎರಡು ಮಳೆಗಾಲ ಕಳೆದು ಚಾವಣಿ ಕೆಲಸಕ್ಕೆ ಮತ್ತೆ ಕರೆ ಬಂತು. ನುಣ್ಣಗೆ ನಿಂತಿದ್ದ ಆ ಗೋಡೆಗೆ ಉಪೇಂದ್ರ ಏಣಿ ಹಾಕಿ ಹತ್ತಿದ. ಗಿಲಾವಿನ ಹಿಂದೆ ಇಟ್ಟಿಗೆ ಹಿಟ್ಟಾಗಿತ್ತು. ಗೋಡೆ ಇಡಿಯಾಗಿ ಅವನ ಮೇಲೆ ಬಿತ್ತು. ಬೂದೆಪ್ಪ ಬರಿಗೈಯಲ್ಲಿ ತೋಡಿದ, ಉಗುರುಗಳು ಕಿತ್ತುಬಂದವು. ಸಿಕ್ಕಾಗ ಉಪೇಂದ್ರನ ಎದೆ ಚಪ್ಪಟೆಯಾಗಿತ್ತು. ಸಿಮೆಂಟು ಕದ್ದು ಮಣ್ಣು ಮೆತ್ತಿದ್ದಾನೆಂದು ಸಂಗಡಿಗರೇ ಸಲಿಕೆಯ ಹಿಡಿಯಿಂದ ಬಡಿದು ಬೂದೆಪ್ಪನ ದವಡೆ ಮುರಿದರು. ಹೆಣದ ಪಕ್ಕದಲ್ಲೇ ಅತ್ತೆ ಸುಗಲಮ್ಮ ಅವನನ್ನು ಚಪ್ಪಲಿ ಹರಿಯುವ ತನಕ ಹೊಡೆದಳು. ರೇಣುಕಾ ತವರು ಸೇರಿದವಳು ತಿರುಗಿ ಬರಲಿಲ್ಲ. ಅವನು ಗೌಂಡಿ ಕೆಲಸ ಬಿಟ್ಟು ಇಲ್ಲಿಗೆ ಬಂದು ವಾಚ್‌ಮನ್ ಆದ.

ಗೋದಾಮಿನ ಹೆಸರು ಕೇಳಿ ಗುರುದೇವಿ ಬೆಚ್ಚಿದಳು. ಅವಳು ಕೆಲಸ ಮಾಡುವ ಲ್ಯಾಬಿನಲ್ಲಿ ಕಟ್ಟಡದ ಸಾಮಾನುಗಳ ಪರೀಕ್ಷೆ ನಡೆಯುತ್ತದೆ. ಬಿದ್ದ ಆ ಗೋಡೆಯ ಇಟ್ಟಿಗೆಗಳೇ ಚೀಲಗಟ್ಟಲೆ ಅಲ್ಲಿಗೆ ಬಂದಿದ್ದವು.

ಮಲ್ಲಣ್ಣ ಬರುವ ಹಿಂದಿನ ದಿನ, ಶನಿವಾರ, ಅವನನ್ನು ಲ್ಯಾಬಿಗೆ ಕರೆದೊಯ್ದಳು. ಲ್ಯಾಬಿನ ವಿಜ್ಞಾನಿ ವಿಶಾಲಾಕ್ಷಿ ಧಾರವಾಡದವರು. "ನೋಡ್ರಿ, ಕಡಲ ಗಾಳಿ ಉಪ್ಪು ಹೊತಗೊಂಡ ಬರತೈತಿ" ಎಂದರು. "ಎಷ್ಟಂತ ತಿಳೀಲಿಕ್ಕೆ ಅಲ್ಲಿ ಗಾಳಿಗೆ ಒದ್ದಿ ಅರಬಿ ಬತ್ತಿ ಕಟ್ಟಿದ್ವಿ. ಅದರ ಮ್ಯಾಲ ಕುಂತ ಉಪ್ಪು ಅಳದ್ವಿ. ಆಮೇಲೆ ಉಳದ ಗೋಡಿಗೆ ಡ್ರಿಲ್ ಹಾಕಿ, ಮ್ಯಾಲಿನ ಪುಡಿ ಬ್ಯಾರೆ, ಒಳಗಿನ ಪುಡಿ ಬ್ಯಾರೆ ತಗದು ನೀರಾಗ ಕರಗಿಸಿ ಉಪ್ಪು ಎಷ್ಟೈತಿ ಅಂತ ನೋಡಿದ್ವಿ. ನೀರು ಆರಿದಾಗ ಉಪ್ಪು ಇಟ್ಟಂಗಿಯೊಳಗ ಹರಳಾಗಿ ಬೆಳದು, ಒಳಗಿಂದನ ಸೀಳತೈತಿ."

ಬಿದ್ದ ಗೋಡೆಯ ಒಂದು ಇಟ್ಟಿಗೆಯನ್ನು ಒತ್ತುವ ಯಂತ್ರದ ದವಡೆಗೆ ಇಟ್ಟರು. ಒತ್ತಡ ಏರಿತು. ಪಟಾರನೆ ಸಿಡಿದ ಚೂರೊಂದು ಜಾಲರಿಗೆ ಬಡಿಯಿತು. ಹೊಸ ಇಟ್ಟಿಗೆ ತಡೆಯುವ ಅರ್ಧ ಭಾರವನ್ನೂ ಅದು ತಡೆದಿರಲಿಲ್ಲ.

"ಹಂಗಾರ ನನ್ನ ಸಿಮೆಂಟು?" ಎಂದ ಬೂದೆಪ್ಪ.

ವಿಶಾಲಾಕ್ಷಿ ಗಿಲಾವಿನ ಚೂರೊಂದನ್ನು ಅವನ ಮುಂದಿಟ್ಟರು. "ಗಿಲಾವಿನಾಗ ಸಿಮೆಂಟ ಕಡಿಮಿ ಇಲ್ರಿ, ಹೆಚ್ಚೈತಿ. ಸುಳ್ಳು ಹೇಳಂಗಿಲ್ಲ, ನೀವು ಬರೂಕಿಂತ ಮೊದ್ಲ ಉಪ್ಪು ಅರ್ಧಾ ತಿಂದಿತ್ತು. ನಿಮ್ಮ ಗಿಲಾವು ಒದ್ದಿ ಹೊರಗ ಬರೂ ಹಾದಿ ಮುಚ್ಚಿತು. ಉಪ್ಪೆಲ್ಲಾ ಅದರ ಬೆನ್ನಿಗೇ ಕೂಡಿಬಿಟ್ಟೈತಿ. ಸುಣ್ಣದ ಗಾರಿ ಇದ್ರ ಗೋಡಿ ಒಂದಿಷ್ಟು ಉಸರಾಡತಿತ್ತು."

ಬೂದೆಪ್ಪ ಮೇಜಿನ ಹತ್ತಿರ ಸರಿದ. ಗಾರೆ ಮೆತ್ತುವ ಕರಣೆ ಹಿಡಿಯುತ್ತಿದ್ದ ಬಲಗೈಯನ್ನು ಅದರ ಮೇಲೆ ಚಾಚಿ, ಎಡಗೈಯಿಂದ ಅಲ್ಲಿದ್ದ ಸುತ್ತಿಗೆ ಎತ್ತಿ ಬೀಸಿದ. ಗುರುದೇವಿ ತೋಳಿಗೆ ಜೋತುಬಿದ್ದಳು. ಆದರೂ ಎರಡು ಬೆರಳು ಜಜ್ಜಿಹೋದವು. ರಕ್ತ ಇಟ್ಟಿಗೆ ಪುಡಿಯ ಮೇಲೆ ಚಿಮ್ಮಿತು.

"ಹುಚ್ಚ ಹಿಡದೈತೇನು? ಕೈ ಜಜ್ಜಕೊಂಡ್ರ ಉಪೇಂದ್ರ ಎದ್ದ ಬರ್ತಾನೇನು?" ಗುರುದೇವಿ ಬೈಯುತ್ತಲೇ ತನ್ನ ದುಪಟ್ಟಾ ಹರಿದು ಕಟ್ಟಿದಳು.

ಆಸ್ಪತ್ರೆಯಿಂದ ಆಟೋದಲ್ಲಿ ಮರಳುವಾಗ ಅವಳೇ ಮಾತೆತ್ತಿದಳು. "ಬೂದೆಪ್ಪಣ್ಣಾ, ನಾಳೆ ಮಲ್ಲಣ್ಣನ ಮುಂದ, ಅವರವ್ವನ ಮುಂದ ನಾ ಮಾತಾಡ್ತೀನಿ. ಉಪ್ಪು ಗೋಡಿ ತಿಂತು, ಸಿಮೆಂಟ ಯಾರೂ ಕದ್ದಿಲ್ಲ. ಇಷ್ಟ ಹೇಳಿದ್ರ ಸಾಕು, ಗಿಲಾವಿನ ಮಾತ ತಗ್ಯೂದು ಬ್ಯಾಡ. ಸುಳ್ಳಂತೂ ಅಲ್ಲ. ನಿಮ್ಮ ಜೀವಾ ಉಳೀತೈತಿ, ರೇಣುಕಾನೂ ಬರಬಹುದು."

ರೇಣುಕಾ ಎಂದಾಗ ಅವನ ಸೊಟ್ಟ ದವಡೆ ಅದುರಿತು. ಕಟ್ಟು ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ಅಕ್ಕಾರ, ಒಂದು ಉಪಕಾರ ಮಾಡ್ರಿ. ಕದ್ದಿಲ್ಲ ಅಂತ ಹೇಳ್ರಿ, ಉಪ್ಪಿಂದೂ ಹೇಳ್ರಿ. ಆದ್ರ ಸಿಮೆಂಟ ಮೆತ್ತಿ ಆ ಗ್ವಾಡಿಯ ಬಾಯಿ ಮುಚ್ಚಿದಾಂವ ನಾನ ಅನ್ನೂದನ್ನ ಬಿಡಬ್ಯಾಡ್ರಿ. ಅದನ್ನ ಕೇಳಿ ಅತ್ತಿ ಹೊಡ್ಯಾಕ ಬಂದ್ರ, ನೀವು ನಡುವ ಬರಬ್ಯಾಡ್ರಿ."